ಮಾರ್ಜಿನ್ನಿನಲ್ಲೊಂದು ಪೆನ್ಸಿಲ್ ಚುಕ್ಕೆ

ಕಳೆದ ವಾರ ಪತ್ರಿಕೆಯ ಒಳಪುಟದಲ್ಲಿ ಅವರ ಹೆಸರು ಅಚ್ಚಾಗಿತ್ತು. ಎರಡು ಬೆರಳಗಲದ ಸುದ್ದಿ. ಪಕ್ಕದಲ್ಲಿ ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿಯ ಒಂದು ಹಳೆಯ ಫೋಟೊ. ಊರು ಪೆರ್ಡೂರು, ಮಣಿಪಾಲದಲ್ಲಿ ಬಹುಕಾಲ ಟೈಪಿಂಗ್ ವೃತ್ತಿಯಲ್ಲಿದ್ದರು, ನಿಧನರಾದರು, ಅಷ್ಟೇ. ನಾನು ಪತ್ರಿಕೆ ಬಿಡಿಸುವ ಮೊದಲೇ ಅವರ ಅಂಗಡಿಯಲ್ಲಿ ಬೈಂಡಿಂಗ್ ಮಾಡುತ್ತಿದ್ದ, ನಾವೆಲ್ಲ ಬಾಯಿ ಎಂದೇ ಕರೆಯುವ ಶಿರ್ವದ ಹೆಂಗಸಿನ ಫೋನ್ ಬಂದಿತ್ತು. "ನೋಡಿದೆಯಾ ಹುಡುಗಿ? ಹೆಸರು ಹಾಕಿದ್ದಾರೆ. ಇಷ್ಟು ವರ್ಷ ತಪ್ಪಿಸಿಕೊಂಡರು, ಕೊನೆಗೂ ಸಿಕ್ಕಿಬಿದ್ದರು!" ಬಾಯಿ ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ನನಗೆ ಮೂವತ್ತು ದಾಟಿದರೂ ಅವರಿಗೆ ನಾನು ಹುಡುಗಿಯೇ.

ನಾನಿಲ್ಲಿ ಆ ಹೆಸರನ್ನು ಬರೆಯುವುದಿಲ್ಲ. ಯಾಕೆಂದು ಓದುತ್ತಾ ಹೋದ ಹಾಗೆ ತಿಳಿಯುತ್ತದೆ. ಮಣಿಪಾಲದಲ್ಲಿ ಅವರನ್ನು ದೊಡ್ಡ ಡಾಕ್ಟರುಗಳಿಂದ ಹಿಡಿದು ಎಲ್ಲರೂ ಕರೆಯುತ್ತಿದ್ದದ್ದು ಮಾಸ್ತರರು ಎಂದೇ. ಸಂಜೆ ಹೊತ್ತು ನಾಲ್ಕಾರು ಮಂದಿಗೆ ಟೈಪಿಂಗ್ ಕಲಿಸುತ್ತಿದ್ದರಲ್ಲ, ಹಾಗೆ ಬಂದ ಹೆಸರು. ಸ್ವತಃ ಓದಿದ್ದು ಎಸ್ಸೆಸ್ಸೆಲ್ಸಿ.

ಅವರ ಅಂಗಡಿ ಇದ್ದದ್ದು ಒಂದು ಔಷಧದಂಗಡಿಯ ಮೇಲೆ. ಕಡಿದಾದ ಮರದ ಮೆಟ್ಟಿಲು ಹತ್ತಿದರೆ ಒಂದೂವರೆ ಕೋಣೆ. ಇಡೀ ಕೋಣೆಯಲ್ಲಿ ಮಾಸ್ತರರು ಮತ್ತು ಅವರ ಎರಡು ಟೈಪ್‌ರೈಟರುಗಳು. ಅರ್ಧ ಕೋಣೆಯಲ್ಲಿ ಬೈಂಡಿಂಗ್ ಮಾಡುವ ಶಿರ್ವದ ಬಾಯಿ, ಅವರ ಮರದ ಒತ್ತುಹಲಗೆ, ಹುಳ ಹಿಡಿಯದಂತೆ ಮೈಲುತುತ್ತು ಹಾಕಿ ಕುದಿಸಿದ ಮೈದಾ ಅಂಟಿನ ಪಾತ್ರೆ. ಆಗ ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಂಪ್ಯೂಟರ್ ಬಂದಿತ್ತು, ಆದರೆ ಹಳೆಯ ಪ್ರೊಫೆಸರುಗಳಿಗೆ ಅದರ ಮೇಲೆ ಇನ್ನೂ ನಂಬಿಕೆ ಬಂದಿರಲಿಲ್ಲ. ಥೀಸಿಸ್ ಎಂದರೆ ಮಾಸ್ತರರ ಕೈಯಲ್ಲೇ ಆಗಬೇಕು. ಡಾಕ್ಟರಾಗುವವರು, ಇಂಜಿನಿಯರಾಗುವವರು, ಕಾಮರ್ಸಿನವರು, ಸಮಾಜಕಾರ್ಯ ಓದುವವರು, ಹಳಗನ್ನಡದವರು, ಎಲ್ಲರೂ ಆ ಮೆಟ್ಟಿಲನ್ನು ಹತ್ತಿಯೇ ಪದವಿಗೆ ಹೋಗಬೇಕಿತ್ತು.

ಅವರ ಒಂದು ಕ್ರಮ ಬೇರೆ ಯಾವ ಟೈಪಿಸ್ಟಿಗೂ ಇರಲಿಲ್ಲ. ಕೈಬರಹದ ಕಟ್ಟು ಬಂದ ಕೂಡಲೇ ಟೈಪ್ ಮಾಡಲು ಕೂರುತ್ತಿರಲಿಲ್ಲ, ಮೊದಲು ಪೂರ್ತಿ ಓದುತ್ತಿದ್ದರು. ತುಟಿ ಆಡಿಸಿಕೊಂಡು, ಬೆರಳಿಟ್ಟುಕೊಂಡು, ದೇವರ ಪುಸ್ತಕ ಓದುವವರ ಹಾಗೆ. ಅವಸರದವರು ಗೊಣಗಿದರೆ, "ಓದದೆ ಟೈಪ್ ಮಾಡಿದರೆ ಬೆರಳಿಗೆ ದಾರಿ ಗೊತ್ತಾಗುವುದಿಲ್ಲ ಮಾರಾಯ್ರೆ" ಎನ್ನುತ್ತಿದ್ದರು. ಓದುವಾಗ ಎಲ್ಲಾದರೂ ಮನಸ್ಸಿಗೆ ಒಗ್ಗದಿದ್ದರೆ ಬಲಗಡೆಯ ಮಾರ್ಜಿನ್ನಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ. ಸಾಸಿವೆಯಷ್ಟು. ತಪ್ಪೆಂದು ಬರೆಯುತ್ತಿರಲಿಲ್ಲ, ಪ್ರಶ್ನೆಚಿಹ್ನೆಯನ್ನೂ ಹಾಕುತ್ತಿರಲಿಲ್ಲ. ಕೇಳಿದರೆ ಉತ್ತರ ಯಾವತ್ತೂ ಒಂದೇ: "ನಾನು ಎಂತ ಹೇಳುವುದಿಲ್ಲ. ಇನ್ನೊಮ್ಮೆ ನೋಡಿ."

ಒಬ್ಬ ಪ್ರೊಫೆಸರರ ಕಥೆಯನ್ನು ಬಾಯಿ ಸಾವಿರ ಸಲ ಹೇಳಿದ್ದಾರೆ. ಅವರ ಪುಸ್ತಕದ ಮೊದಲ ವಾಕ್ಯದಲ್ಲೇ ಚುಕ್ಕೆ ಬಿದ್ದಿತ್ತು. "ಮೊದಲ ವಾಕ್ಯಕ್ಕೇ ಚುಕ್ಕೆಯಾ? ಮೂವತ್ತು ವರ್ಷ ಪಾಠ ಮಾಡಿದ್ದೇನೆ ನಾನು!" ಎಂದು ಅವರು ಮೆಟ್ಟಿಲಿಳಿದು ಹೋದರಂತೆ. ಮೂರನೆಯ ದಿನ ತಾವೇ ಬಂದು, ನಗು ತಡೆಯಲಾಗದೆ ಒತ್ತುಹಲಗೆಯ ಮೇಲೆಯೇ ಕುಳಿತುಬಿಟ್ಟರಂತೆ. ಉಡುಪಿ ಜಿಲ್ಲೆಯ ಮೇರೆ ಬರೆಯುತ್ತಾ ಅರಬ್ಬೀ ಸಮುದ್ರವನ್ನು ಪೂರ್ವಕ್ಕೆ ಹಾಕಿದ್ದರು! "ಅಲ್ಲ ಮಾಸ್ತರರೇ, ಒಂದು ಮಾತು ಹೇಳಬಾರದಿತ್ತಾ?" ಎಂದರೆ ಮಾಸ್ತರರು, "ಸಮುದ್ರ ದೊಡ್ಡದು. ಹೇಗೂ ನಿಮ್ಮ ಕಣ್ಣಿಗೆ ಬೀಳುತ್ತದೆ ಅಂತ ಗೊತ್ತಿತ್ತು" ಎಂದರಂತೆ.

ಅವರ ಚುಕ್ಕೆಯೂ ತಪ್ಪುತ್ತಿತ್ತು. ಹಳಗನ್ನಡದ ಒಬ್ಬ ವಿದ್ಯಾರ್ಥಿ ಒಂದು ಸಲ ಪುಸ್ತಕವನ್ನೇ ತಂದು ತೋರಿಸಿದ. ಆಗ ಮಾಸ್ತರರು ಮೇಜಿನ ಡ್ರಾಯರಿನಿಂದ ರಬ್ಬರ್ ತೆಗೆದು ತಾವೇ ಒರೆಸಿದರು. ಆ ಹುಡುಗ ಒರೆಸಲು ಹೋದರೆ ಬಿಡಲಿಲ್ಲ. "ಚುಕ್ಕೆ ನನ್ನದು. ನಾನೇ ತೆಗೆಯಬೇಕು."

ಇನ್ನೊಂದು ಕ್ರಮ, ಥೀಸಿಸ್ಸಿನ ಕೃತಜ್ಞತೆಯ ಪುಟದ್ದು. ಗೈಡು, ತಂದೆತಾಯಿ, ಗೆಳೆಯರು ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ, ಅಂದವಾಗಿ ಟೈಪ್ ಮಾಡಿಕೊಟ್ಟ ಇಂಥವರಿಗೆ ವಂದನೆಗಳು ಎಂದು ಬರೆಯುವುದು ರೂಢಿ. ಆ ಸಾಲು ಬಂದಾಗ ಮಾಸ್ತರರ ಬೆರಳು ನಿಲ್ಲುತ್ತಿತ್ತು. ಹಾಳೆ ಹೊರಗೆ ಬರುತ್ತಿತ್ತು. ಕೈಬರಹದಲ್ಲಿದ್ದ ಅವರ ಹೆಸರು ಟೈಪಾಗುವಷ್ಟರಲ್ಲಿ ಮಾಯ. ಯಾರೋ ಜಗಳಕ್ಕೆ ನಿಂತದ್ದಕ್ಕೆ ಅಂದರು: "ಊಟದ ಎಲೆಯ ಮೇಲೆ ಅಡಿಗೆಯವನ ಹೆಸರು ಬರೆಯುತ್ತಾರಾ?"

ನಾನು ಆ ಮೆಟ್ಟಿಲು ಹತ್ತಿದ್ದು ಬಿ.ಎಸ್ಸಿ. ಮುಗಿಸಿದ ವರ್ಷ. ಮನೆ ಕಾಪು. ಅಪ್ಪ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್. ಕೊರಳಲ್ಲಿ ವಿಶಲ್, ಕಿಸೆಯಲ್ಲಿ ಎರಡು ಪೆನ್ನು, ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವ ಕೆಲಸ. ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದರೆ ಎಲ್ಲಾದರೂ ಲೆಕ್ಚರರ್ ಆಗಬಹುದೆಂದು ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಆಗಲೇ ನಾಲ್ಕು ಜನರಿಗೆ ಹೇಳಿಯೂ ಆಗಿತ್ತು. ನಾನು ಮಾತ್ರ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಇನ್ನೊಂದನ್ನು ನೋಡಿದ್ದೆ. ಒಂದು ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಶುರುವಾಗುವ ಸ್ನಾತಕೋತ್ತರ ಪದವಿ; ವಿಜ್ಞಾನವನ್ನೂ ಸಮಾಜಶಾಸ್ತ್ರವನ್ನೂ ಸೇರಿಸಿ, ಪರಿಸರ ಮತ್ತು ಸಮುದಾಯ ಎಂದು ಕಲಿಸುತ್ತಾರಂತೆ. ಪ್ರತಿಯೊಬ್ಬರಿಗೂ ಎರಡು ವಿಭಾಗದಿಂದ ಇಬ್ಬರು ಗೈಡುಗಳಂತೆ. ಅರ್ಜಿಯ ಜೊತೆ, ಎರಡನ್ನೂ ಒಟ್ಟಿಗೆ ಯಾಕೆ ಓದಬೇಕೆಂದು ಒಂದು ಪುಟ ಬರೆದು ಟೈಪ್ ಮಾಡಿಸಿ ಕಳುಹಿಸಬೇಕಿತ್ತು.

ನಾನು ಆ ಒಂದು ಪುಟವನ್ನು ಏನು ಚೆಂದ ಬರೆದಿದ್ದೆ! ಮನುಕುಲ, ಭವಿಷ್ಯ, ಸಮಗ್ರ ದೃಷ್ಟಿ. ಮಾಸ್ತರರು ಓದಿ ವಾಪಸು ಕೊಟ್ಟಾಗ ಬಲಗಡೆಯ ಮಾರ್ಜಿನ್ ಇರುವೆ ಸಾಲಿನ ಹಾಗಿತ್ತು. ಪ್ರತಿ ವಾಕ್ಯಕ್ಕೂ ಒಂದು ಚುಕ್ಕೆ. ಒಂದನ್ನು ಮಾತ್ರ ಬಿಟ್ಟಿದ್ದರು. ಬೇರೆ ಏನೂ ಹೊಳೆಯದೆ ಕೊನೆಗೆ ತುರುಕಿದ್ದ ವಾಕ್ಯ ಅದು: ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ಯಾಕೆ ಉಪ್ಪಾಗುತ್ತದೆಂದು ಕೆಮಿಸ್ಟ್ರಿ ಹೇಳುತ್ತದೆ, ಆಗ ನನ್ನ ಅಜ್ಜಿ ಸಿಹಿನೀರಿಗೆ ಎಷ್ಟು ದೂರ ನಡೆಯುತ್ತಾಳೆಂದು ಹೇಳುವುದಿಲ್ಲ.

ಮೂರು ರಾತ್ರಿ ಕೂತು ಪುಟವನ್ನು ಅಜ್ಜಿಯ ಆ ವಾಕ್ಯದಿಂದ ಶುರುಮಾಡಿ ಬರೆದೆ. ಟೈಪಾಯಿತು, ಹೋಯಿತು, ಸೀಟೂ ಬಂತು.

ಅಲ್ಲಿಗೆ ಕಷ್ಟ ಶುರುವಾಯಿತು. ಅದೇ ವಾರ ಕೆಮಿಸ್ಟ್ರಿಯ ಸೀಟೂ ಬಂತು. ಎರಡೂ ಕಡೆಯವರು ಕೇಳಿದ್ದು ಅಸಲು ಟಿ.ಸಿ. ಅದೋ ಒಂದೇ ಇರುವುದು. ಒಂದು ಕಡೆ ಕೊಟ್ಟರೆ ಇನ್ನೊಂದು ಬಾಗಿಲು ಮುಚ್ಚಿತು. ಕೊನೆಯ ದಿನಕ್ಕೆ ಉಳಿದದ್ದು ನಾಲ್ಕು ದಿನ.

ಮನೆಯಲ್ಲಿ ನಾವು ಆಡುವುದು ತುಳು, ಅಪ್ಪನ ಮಾತನ್ನು ಕನ್ನಡದಲ್ಲೇ ಹೇಳುತ್ತೇನೆ. "ಅದನ್ನು ಓದಿದರೆ ನೀನು ಎಂತ ಆಗುವುದು? ಕೆಮಿಸ್ಟ್ರಿ ಓದಿದವರು ಕೆಮಿಸ್ಟ್ರಿ ಲೆಕ್ಚರರ್. ಇದನ್ನು ಓದಿದವರು?" ಅಪ್ಪನೇ ಮುಂದುವರಿಸಿದರು. "ನೋಡು ಮಗಾ, ನಾನು ದಿನಕ್ಕೆ ನೂರು ಬಸ್ಸು ಬಿಡುತ್ತೇನೆ. ಎದುರಿಗೆ ಬೋರ್ಡ್ ಇಲ್ಲದ ಬಸ್ಸಿಗೆ ಯಾರಾದರೂ ಹತ್ತುತ್ತಾರಾ? ಹತ್ತಿದವನನ್ನು ಜನ ಎಂತ ಹೇಳುತ್ತಾರೆ?" ಅಪ್ಪ ಗದರಲಿಲ್ಲ. ಗದರಿದ್ದರೆ ಹಟವಾದರೂ ಮಾಡಬಹುದಿತ್ತು. ನೋಯುವ ಕಾಲುಗಳನ್ನು ಬಿಸಿನೀರಿಗೆ ಇಳಿಸಿಕೊಂಡು ಮೆಲ್ಲಗೆ ಕೇಳಿದರು. ನಾನು ಸೋತೆ.

ಮರುದಿನ ಬೆಳಿಗ್ಗೆ ಮಾಸ್ತರರ ಬಳಿಗೆ ಹೋಗಿ, ಸೀಟು ಬೇಡವೆಂದು ಒಂದು ಪತ್ರ ಟೈಪ್ ಮಾಡಿಕೊಡಿ ಎಂದೆ. ಅವರು ಎಂತಕ್ಕೆ ಎಂದು ಕೇಳಲಿಲ್ಲ. ನಾನು ಬರೆದುಕೊಟ್ಟದ್ದನ್ನು ಒಮ್ಮೆ ಓದಿ, ಹಾಳೆ ಏರಿಸಿ, ಮಾರ್ಜಿನ್ ಸರಿಮಾಡಿ, ವಿಳಾಸ ಹೊಡೆದರು. ಮಾನ್ಯರೇ ಎಂದು ಹೊಡೆದರು. ವಿಷಾದದಿಂದ ತಿಳಿಸುವುದೇನೆಂದರೆ ಎಂಬಲ್ಲಿಗೆ ಬಂದಿದ್ದರು. ಆಗ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು.

ಬಂದವರು ಒಬ್ಬ ಯುವ ಡಾಕ್ಟರು. ಮೇಲಿನ ಪದವಿಗೆ ಓದುತ್ತಿದ್ದವರು. ಮಲೇರಿಯಾದ ಮೇಲೆ ಅವರ ಥೀಸಿಸ್. ಹಿಂದಿನ ದಿನವಷ್ಟೇ ಬೈಂಡ್ ಆಗಿ ಹೋಗಿತ್ತು. ಅದನ್ನು ಮೇಜಿನ ಮೇಲೆ ಎತ್ತಿಹಾಕಿ, "ಎಂತ ಇದು ಮಾಸ್ತರರೇ? ಎಂತ ಇದು?" ಎಂದು ಕೂಗಿದರು.

ಆಗಿದ್ದದ್ದು ಇಷ್ಟು. ಅದೇ ವಾರ ಕಾರ್ಕಳ ಕಡೆಯ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯ ಥೀಸಿಸ್ಸೂ ಬೈಂಡಿಂಗಿಗೆ ಬಂದಿತ್ತು, ಕಾಂಕ್ರೀಟಿನ ಮೇಲೆ. ಎರಡರ ಮೂರನೆಯ ಅಧ್ಯಾಯವೂ ಒಂದೇ ಪುಟಸಂಖ್ಯೆಯಿಂದ ಶುರುವಾಗುತ್ತಿತ್ತು. ಬಾಯಿ ಊಟಕ್ಕೆ ಹೋಗಿದ್ದಾಗ ಮಾಸ್ತರರೇ ಹಾಳೆಗಳನ್ನು ಜೋಡಿಸಿದ್ದರು. ಒಂದೇ ಯಂತ್ರದ ಅಕ್ಷರ, ಒಂದೇ ಅಳತೆಯ ಮಾರ್ಜಿನ್, ಒಂದೇ ಕಾಗದ. ಎಲ್ಲರ ಥೀಸಿಸ್ಸಿಗೂ ಅವರು ಕೊಡುತ್ತಿದ್ದ ಆ ಒಂದೇ ಅಚ್ಚುಕಟ್ಟು ಅವತ್ತು ಅವರಿಗೇ ಕೈಕೊಟ್ಟಿತ್ತು. ಡಾಕ್ಟರ ಥೀಸಿಸ್ಸಿನ ನಡುವೆ ಇಂಜಿನಿಯರನ ಅಧ್ಯಾಯ ಹೋಗಿ ಕೂತಿತ್ತು.

ಮಾಸ್ತರರ ಮುಖ ಸುಣ್ಣದಂತಾಯಿತು. ಎದ್ದು ನಿಂತರು. "ನನ್ನಿಂದ ಆದದ್ದು" ಎಂದರು. ಬಾಯಿ ಒಳಗಿನಿಂದ ಅಂಟಿನ ಕೈಯಲ್ಲೇ ಓಡಿಬಂದು, "ಅಲ್ಲ ಡಾಕ್ಟರೇ, ನನ್ನಿಂದ" ಎಂದರು. "ಬಾಯೀ, ಸುಮ್ಮನಿರಿ. ನನ್ನಿಂದ ಆದದ್ದು" ಎಂದು ಮಾಸ್ತರರು ಮತ್ತೆ ಹೇಳಿದರು.

ಡಾಕ್ಟರಿಗೆ ಸಿಟ್ಟು ಇಳಿದಿರಲಿಲ್ಲ. "ನನ್ನ ಪರೀಕ್ಷಕರು ಇದನ್ನು ಓದಿದ್ದರೆ? ಕೇಳಿ, ಮಲೇರಿಯಾದ ಥೀಸಿಸ್ಸಿನಲ್ಲಿ ಎಂತ ಉಂಟು ಅಂತ ಕೇಳಿ!" ಎಂದು ಪುಟ ತೆರೆದು ಗಟ್ಟಿಯಾಗಿ ಓದತೊಡಗಿದರು. ಇಂಗ್ಲಿಷಿನಲ್ಲಿದ್ದ ಆ ಮಾತಿನ ಸಾರ ಹೀಗಿತ್ತು: ಸ್ಲ್ಯಾಬ್ ಹಾಕಿದ ಮೇಲೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ಎರಡು ವಾರ, ನಿರ್ಲಕ್ಷ್ಯ ಮಾಡದೆ, ನೀರು ನಿಲ್ಲಿಸಬೇಕು. ಆಗ ಮಾತ್ರ ಕಾಂಕ್ರೀಟು ಗಟ್ಟಿಯಾಗುತ್ತದೆ.

ಡಾಕ್ಟರ ದನಿ ನಡುವೆಯೇ ನಿಂತುಹೋಯಿತು. ಅದೇ ವಾಕ್ಯವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡದ್ದು ಅವರ ಕಣ್ಣಿನಲ್ಲಿ ಕಾಣುತ್ತಿತ್ತು. ಆಮೇಲೆ ತಮ್ಮ ಚೀಲದಿಂದ ಹಳೆಯ ಕೈಬರಹದ ಪ್ರತಿ ತೆಗೆದು ಸರಸರ ಹಾಳೆ ತಿರುಗಿಸಿದರು. ಒಂದು ಕಡೆ ಬೆರಳಿಟ್ಟು ನಿಂತರು. ಅವರು ಬರೆದದ್ದು ಹೀಗಿತ್ತು: ಹೊಸ ಕಟ್ಟಡಗಳ ಬಳಿ ಜ್ವರ ಹೆಚ್ಚು, ಕಾರಣ ನಿರ್ಲಕ್ಷ್ಯದಿಂದ ನಿಂತ ನೀರು. ಆ ನಿರ್ಲಕ್ಷ್ಯ ಎಂಬ ಪದದ ನೇರಕ್ಕೆ, ಬಲಗಡೆಯ ಮಾರ್ಜಿನ್ನಿನಲ್ಲಿ ಒಂದು ಪೆನ್ಸಿಲ್ ಚುಕ್ಕೆ.

"ಇದನ್ನು ನೀವು ಯಾವಾಗ ಇಟ್ಟದ್ದು?"

"ಮೊದಲು ಓದಿದಾಗ."

"ನಾನು ಸ್ಪೆಲ್ಲಿಂಗ್ ಇರಬೇಕು ಅಂತ ಡಿಕ್ಷನರಿ ನೋಡಿದೆ ಮಾರಾಯ್ರೆ. ಸರಿ ಉಂಟಲ್ಲ ಅಂತ ಬಿಟ್ಟೆ." ಡಾಕ್ಟರು ಸ್ಟೂಲಿನ ಮೇಲೆ ಕುಳಿತರು. "ಅದು ನಿರ್ಲಕ್ಷ್ಯ ಅಲ್ಲ. ಬೇಕೆಂತಲೇ ನಿಲ್ಲಿಸುವುದು. ಇಂಜಿನಿಯರೇ ನಿಲ್ಲಿಸಿ ಅಂತ ಹೇಳುವುದು. ಎರಡು ವಾರ! ಸೊಳ್ಳೆಗೆ ಅಷ್ಟು ಎಂತಕ್ಕೆ, ಹತ್ತು ದಿನ ಸಾಕು."

ಒಬ್ಬನ ಪುಸ್ತಕದಲ್ಲಿ ಯಾವುದು ನಿರ್ಲಕ್ಷ್ಯವೋ ಇನ್ನೊಬ್ಬನ ಪುಸ್ತಕದಲ್ಲಿ ಅದೇ ಕರ್ತವ್ಯ. ನೀರು ಮಾತ್ರ ಒಂದೇ. ಇಬ್ಬರೂ ಬೇರೆ ಬೇರೆ ದಿನ ಇದೇ ಮೆಟ್ಟಿಲು ಹತ್ತಿ ಇಳಿದಿದ್ದಾರೆ, ಒಬ್ಬರ ಮುಖವನ್ನೊಬ್ಬರು ನೋಡಿಲ್ಲ. ಎರಡನ್ನೂ ಓದಿದವರು ಇಡೀ ಊರಿನಲ್ಲಿ ಒಬ್ಬರೇ, ಎಸ್ಸೆಸ್ಸೆಲ್ಸಿ ಪಾಸಾದ ಒಬ್ಬ ಟೈಪಿಸ್ಟು. ಅವರೋ ಒಂದು ಸಾಸಿವೆ ಕಾಳಿನಷ್ಟು ಮಾತಾಡಿ ಸುಮ್ಮನಾಗಿದ್ದರು.

"ಇಂಜಿನಿಯರನ ಪ್ರತಿಯಲ್ಲೂ ಚುಕ್ಕೆ ಉಂಟಾ?" ಎಂದು ಡಾಕ್ಟರು ಕೇಳಿದರು. ಮಾಸ್ತರರು ಹೌದೆಂದು ತಲೆಯಾಡಿಸಿದರು. ನೀರು ನಿಂತಿರುವಷ್ಟು ದಿನ ಕಟ್ಟಡದಲ್ಲಿ ಯಾರೂ ಇರುವುದಿಲ್ಲ ಎಂದು ಅವನು ಬರೆದಿದ್ದನಂತೆ. ಅಲ್ಲೊಂದು.

ಡಾಕ್ಟರು ಥೀಸಿಸ್ಸನ್ನು ಮತ್ತೆ ಬೈಂಡ್ ಮಾಡಲು ಅಲ್ಲೇ ಬಿಟ್ಟು, ಇಂಜಿನಿಯರನ ವಿಳಾಸ ಬರೆಸಿಕೊಂಡು ಹೋದರು. ಮಾಸ್ತರರು ನನ್ನ ಪತ್ರವಿದ್ದ ಯಂತ್ರದ ಕಡೆ ನೋಡಲಿಲ್ಲ. ಕೊಡೆ ತೆಗೆದುಕೊಂಡು, "ಬರುತ್ತೀರಾ? ಎದುರು ಒಂದು ಕಟ್ಟಡ ಉಂಟು, ನೋಡಿ ಬರುವ" ಎಂದರು. ಇಪ್ಪತ್ತೊಂದರ ಹುಡುಗಿಯನ್ನೂ ಅವರು ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

ಎದುರಿನ ಕಟ್ಟಡದ ಬಿದಿರೇಣಿ ಹತ್ತಿದೆವು. ನೆತ್ತಿ ಸುಡುವ ಬಿಸಿಲು. ಸ್ಲ್ಯಾಬಿನ ಮೇಲೆ ಚೌಕ ಚೌಕವಾಗಿ ನೀರು, ಆಕಾಶವನ್ನು ತುಂಡು ಮಾಡಿ ಹಾಸಿದ ಹಾಗೆ. ಮೂಲೆಯಲ್ಲಿ ಒಬ್ಬ ಹೆಂಗಸು ಕೊಡದಿಂದ ನೀರು ಸುರಿಯುತ್ತಿದ್ದಳು. ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದವಳು.

"ಏನ್ ಬಿದ್ದೈತ್ರೀ ಸಾರ ನೀರಾಗ?"

"ಎಂತ ಇಲ್ಲಮ್ಮ. ನೋಡಲಿಕ್ಕೆ ಬಂದದ್ದು."

"ನೋಡ್ರಿ, ನೋಡ್ರಿ. ಒಂದ್ ವಾರ ಆತಂದ್ರ ಹುಳಾ ಕುಣಿಯಾಕ ಹತ್ತತಾವ್ರೀ ಇದರಾಗ. ಆಮ್ಯಾಲ ನಮ್ ಮಂದಿಗೆ ಚಳಿಜ್ವರ. ಚೆಲ್ಲೂಣು ಅಂದ್ರ ಮೇಸ್ತ್ರಿ ಬೈತಾನ್ರೀ."

"ನೀವು ಮಲಗುವುದು ಎಲ್ಲಿ?"

"ಇಲ್ಲೇರೀ, ಇದರ ಕೆಳಗ. ಮತ್ತೆಲ್ಲಿ ಹೋಗೂಣು?"

ಮಾಸ್ತರರು ಕೇಳಿದರು: "ಇದನ್ನು ಯಾರಿಗಾದರೂ ಹೇಳಿದ್ದೀರಾ?"

"ಯಾರ್ ಕೇಳ್ತಾರ್ರೀ? ಒಬ್ಬಾಕಿ ಕಾಲೇಜ ಹುಡುಗಿ ಬಂದಿದ್ಲು. ಊರು ಯಾವ್ದು, ಮಕ್ಕಳೆಷ್ಟು ಅಂತ ಎಲ್ಲಾ ಬರಕೊಂಡ್ಲು. ನೀರಿಂದು ಕೇಳ್ಲಿಲ್ರೀ."

ಆ ಕಾಲೇಜು ಹುಡುಗಿಯ ವರದಿಯನ್ನೂ ಟೈಪ್ ಮಾಡಿದ್ದು ಮಾಸ್ತರರೇ ಎಂದು ನನಗೆ ಆಮೇಲೆ ಬಾಯಿ ಹೇಳಿದರು. ಏಣಿ ಇಳಿದ ಮೇಲೆ ಮಾಸ್ತರರು ಕೊಡೆ ಬಿಡಿಸುತ್ತಾ, ನನಗೆಂದಲ್ಲ, ತಮಗೇ ಎಂಬ ಹಾಗೆ ಅಂದರು: "ಎಷ್ಟು ಟೈಪ್ ಮಾಡಿದೆ. ಇವಳು ಹೇಳಿದ್ದು ಟೈಪ್ ಆಗಲೇ ಇಲ್ಲ."

ಅಂಗಡಿಗೆ ಬಂದು ಯಂತ್ರದ ಮುಂದೆ ಕುಳಿತರು. ವಿಷಾದದಿಂದ ತಿಳಿಸುವುದೇನೆಂದರೆ ಎಂಬಲ್ಲಿ ಹಾಳೆ ಹಾಗೇ ಇತ್ತು. "ಮುಂದುವರಿಸಲಾ?"

"ಅಪ್ಪ" ಎಂದೆ. ಅವರು ಹಾಳೆಯನ್ನು ಹೊರಗೆ ತೆಗೆಯಲಿಲ್ಲ. ಯಂತ್ರದ ಮೇಲೆ ಬಟ್ಟೆ ಹೊದಿಸಿದರು. "ನಾಳೆಯವರೆಗೆ ಇರಲಿ. ಇನ್ನೊಂದು ಯಂತ್ರ ಉಂಟಲ್ಲ ನನಗೆ."

ಮರುದಿನ ಅಪ್ಪನನ್ನು ಕರೆದುಕೊಂಡೇ ಹೋದೆ. ಅಪ್ಪ ವಿಶಲ್ ಹಾಕಿಕೊಂಡೇ ಬಂದಿದ್ದರು, ಅರ್ಧ ಗಂಟೆ ಬದಲಿಗೆ ಯಾರನ್ನೋ ನಿಲ್ಲಿಸಿ. ಮೆಟ್ಟಿಲು ಹತ್ತುವಾಗಲೇ ಸಿದ್ಧರಾಗಿದ್ದರು: ಈ ಟೈಪಿಸ್ಟು ಎಂತ ಉಪದೇಶ ಮಾಡುತ್ತಾನೋ ನೋಡುತ್ತೇನೆ ಎಂದು.

"ಮಾಸ್ತರರೇ, ನೇರ ಕೇಳುತ್ತೇನೆ. ಇದಕ್ಕೆ ಸ್ಕೋಪ್ ಉಂಟಾ?"

"ನನಗೆ ಗೊತ್ತಿಲ್ಲ" ಎಂದರು ಮಾಸ್ತರರು. ಅಪ್ಪ ತಬ್ಬಿಬ್ಬಾದರು. ಅವರು ತಯಾರಾಗಿ ಬಂದದ್ದು ಬೇರೆ ಉತ್ತರಕ್ಕೆ. ಮಾಸ್ತರರು ಕುರ್ಚಿ ಎಳೆದು ಕೊಟ್ಟು, "ನಿಂತು ನಿಂತು ಕಾಲು ನೋಯುತ್ತದಲ್ವಾ? ನಿಮ್ಮ ಕೆಲಸ ಎಂತದ್ದು, ಸ್ವಲ್ಪ ಹೇಳಿ" ಎಂದರು. ಬರಿಯ ಕುತೂಹಲ. ಥೀಸಿಸ್ ಓದುವಾಗ ಇರುತ್ತಿದ್ದ ಅದೇ ಮುಖ.

ಅಪ್ಪನನ್ನು ಆ ಮೊದಲು ಯಾರೂ ಹಾಗೆ ಕೇಳಿರಲಿಕ್ಕಿಲ್ಲ. ಮಾತು ಶುರುವಾಯಿತು. ಬಸ್ಸುಗಳ ಸಮಯ, ನಿಮಿಷಕ್ಕಾಗಿ ಡ್ರೈವರುಗಳ ಜಗಳ, ಎಲ್ಲ. ಮಾತಿನ ನಡುವೆ ಅಪ್ಪ ಹೇಳಿದ ಒಂದು ಸಂಗತಿ ಅವತ್ತಿನವರೆಗೆ ನನಗೂ ಗೊತ್ತಿರಲಿಲ್ಲ. ಬೆಳಗಿನ ಒಂದು ಕಾರ್ಕಳದ ಬಸ್ಸು ಉಡುಪಿಗೆ ಬರುವುದೂ, ಕಾಪುವಿಗೆ ಹೋಗುವ ಬಸ್ಸು ಹೊರಡುವುದೂ ಒಂದೇ ಸಮಯಕ್ಕೆ. ಇಳಿದವರು ಓಡಿ ಬರುವಷ್ಟರಲ್ಲಿ ಈ ಬಸ್ಸು ಹೋಗಿರುತ್ತದೆ. ಅದಕ್ಕೆ ಅಪ್ಪ ಪ್ರತಿದಿನ ಕಾಪು ಬಸ್ಸು ಹೊರಡುವ ಸಮಯದ ಚೀಟಿ ಬರೆಯುವಾಗ ಪೆನ್ನಿನ ಶಾಯಿ ಮುಗಿಯಿತೆಂದು ನಾಟಕ ಮಾಡುತ್ತಾರೆ. ಒಂದನ್ನು ಕೊಡವಿ, ಇನ್ನೊಂದನ್ನು ಹುಡುಕಿ, ಎರಡು ನಿಮಿಷ ಕಳೆಯುತ್ತಾರೆ. ಎರಡು ಪೆನ್ನು ಇಟ್ಟುಕೊಳ್ಳುವುದೇ ಅದಕ್ಕೆ!

"ಡ್ರೈವರು ಬೈಯುವುದಿಲ್ಲವಾ?"

"ಬೈಯುತ್ತಾನೆ. ದಿನಾ ಬೈಯುತ್ತಾನೆ. ಹೊಸ ಪೆನ್ನು ತೆಗೆದುಕೊಡುತ್ತೇನೆ ಮಾರಾಯ ಅಂತ ಒಂದು ಸಲ ಪೆನ್ನೇ ತಂದುಕೊಟ್ಟ." ಅಪ್ಪ ನಕ್ಕರು. ಒಳಗೆ ಬಾಯಿಯೂ ನಕ್ಕದ್ದು ಕೇಳಿಸಿತು.

ಮಾಸ್ತರರು ನಗಲಿಲ್ಲ. "ಆ ಎರಡು ನಿಮಿಷ ಯಾವ ಬಸ್ಸಿನದ್ದು? ಕಾರ್ಕಳದ್ದೋ, ಕಾಪುವಿನದ್ದೋ?"

ಅಪ್ಪ ಯೋಚಿಸಿದರು. "ಎರಡೂ ಅಲ್ಲ. ಮಾಲಕರೇ ಬೇರೆ ಬೇರೆ. ಆ ನಿಮಿಷ ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಅದು... ಇಳಿದು ಹತ್ತುವವರದ್ದು."

ಮಾಸ್ತರರು ಇನ್ನೊಂದು ಯಂತ್ರಕ್ಕೆ ಹಾಳೆ ಏರಿಸಿ ಯಾರದೋ ಥೀಸಿಸ್ ಮುಂದುವರಿಸಿದರು. ಅಪ್ಪ ಕುರ್ಚಿಯ ತುದಿಯಲ್ಲಿ ಕುಳಿತು ಕೊರಳಿನ ವಿಶಲನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಎದ್ದು ಬಟ್ಟೆ ಹೊದಿಸಿದ್ದ ಯಂತ್ರದ ಬಳಿ ಹೋಗಿ, "ಇದರಲ್ಲಿ ನನ್ನ ಮಗಳ ಒಂದು ಕಾಗದ ಉಂಟಂತೆ. ಅದು ಬೇಡ, ತೆಗೆದುಬಿಡಿ" ಎಂದರು.

ಮೆಟ್ಟಿಲು ಇಳಿಯುವಾಗ ಅಪ್ಪ ಗೊಣಗಿದ್ದು ಇವತ್ತಿಗೂ ನೆನಪಾದರೆ ನಗು ಬರುತ್ತದೆ. "ಆ ಜನ ನನಗೆ ಎಂತ ಹೇಳಲೇ ಇಲ್ಲ, ಅಲ್ವಾ? ಹೇಳಿದ್ದರೆ ಜಗಳವಾದರೂ ಮಾಡಬಹುದಿತ್ತು."

ಟಿ.ಸಿ. ಹೊಸ ಪದವಿಗೆ ಹೋಯಿತು. ಅಲ್ಲಿ ಎಲ್ಲ ಸುಖವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಇಬ್ಬರು ಗೈಡುಗಳು, ಒಬ್ಬರು ಅಂಕಿ ಕೇಳಿದರೆ ಇನ್ನೊಬ್ಬರು ಜನ ಎಲ್ಲಿ ಎನ್ನುತ್ತಿದ್ದರು. ನಡುವೆ ನಾನು, ಎರಡು ದೋಣಿಗೆ ಕಾಲಿಟ್ಟವಳು. ಮುಗಿಸಿದ ಮೇಲೂ ಕೆಲವು ಕಾಲ ಕೆಲಸ ಸಿಗಲಿಲ್ಲ. ಆ ದಿನಗಳಲ್ಲಿ ಅಪ್ಪ ಒಮ್ಮೆಯೂ ಬೋರ್ಡಿನ ಮಾತು ಎತ್ತಲಿಲ್ಲ. ಈ ಜಿಲ್ಲೆಯ ಕುಡಿಯುವ ನೀರಿನ ಕೆಲಸದಲ್ಲಿ ನಾನೀಗ ಬಾವಿಯಿಂದ ಬಾವಿಗೆ ತಿರುಗುತ್ತೇನೆ. ನನ್ನ ಹುದ್ದೆಯ ಹೆಸರನ್ನು ಅಪ್ಪ ಇವತ್ತಿಗೂ ಸರಿಯಾಗಿ ಹೇಳಲಾರರು, ಕೇಳಿದವರಿಗೆ "ನೀರು ಮತ್ತು ಜನ" ಎನ್ನುತ್ತಾರೆ.

ಕೊನೆಯ ವರ್ಷ ನಾನು ಬರೆದ ಪ್ರಬಂಧ ಕಾಪುವಿನ ಉಪ್ಪುಬಾವಿಗಳ ಮೇಲೆ. ನೀರು ಯಾಕೆ ಉಪ್ಪಾಗುತ್ತದೆ, ಆಗ ಯಾರು ಎಷ್ಟು ದೂರ ನಡೆಯುತ್ತಾರೆ. ಅದನ್ನು ನಾನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಅದರಲ್ಲೊಂದು ಕುತಂತ್ರವೂ ಇತ್ತು. ನಾನೇ ಟೈಪ್ ಮಾಡಿದರೆ ಕೃತಜ್ಞತೆಯ ಪುಟದಿಂದ ಮಾಸ್ತರರ ಹೆಸರನ್ನು ಯಾರೂ ತೆಗೆಯಲಾರರು! ಅಷ್ಟು ಹೊತ್ತಿಗೆ ಅಂಗಡಿಗೆ ಬರುವವರು ಕಡಿಮೆಯಾಗಿದ್ದರು. ಒಂದು ಯಂತ್ರದ ಮೇಲೆ ಶಾಶ್ವತವಾಗಿ ಬಟ್ಟೆ ಬಿದ್ದಿತ್ತು. ಬೈಂಡಿಂಗ್ ಮಾತ್ರ ನಡೆಯುತ್ತಿತ್ತು.

ಹಾಳೆಗಳ ಕಟ್ಟು ಕೊಟ್ಟೆ. "ಬೈಂಡ್ ಮಾಡಿದರೆ ಸಾಕು ಮಾಸ್ತರರೇ" ಎಂದೆ.

"ಓದದೆ ಬೈಂಡ್ ಮಾಡಿ ಒಂದು ಸಲ ಕೆಟ್ಟಿದ್ದೇನೆ" ಎಂದರು. ಆ ಹಳೆಯ ತಪ್ಪು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಅದರಿಂದಲೇ ತಮ್ಮ ಥೀಸಿಸ್ಸಿನ ತಪ್ಪು ಕಣ್ಣಿಗೆ ಬಿತ್ತು, ಒಳ್ಳೆಯದೇ ಆಯಿತೆಂದು ಡಾಕ್ಟರು ಎಷ್ಟು ಸಲ ಹೇಳಿದರೂ, "ಒಳ್ಳೆಯದಾದದ್ದು ಬೇರೆ, ತಪ್ಪು ಬೇರೆ" ಎನ್ನುತ್ತಿದ್ದರು.

ಎರಡು ದಿನ ಬಿಟ್ಟು ಹೋದೆ. ಇಡೀ ಪ್ರಬಂಧದಲ್ಲಿ ಒಂದೇ ಒಂದು ಚುಕ್ಕೆ. ಅದು ಕೃತಜ್ಞತೆಯ ಪುಟದಲ್ಲಿ, ಅವರ ಹೆಸರಿನ ನೇರಕ್ಕೆ.

"ಹೆಸರು ಸರಿ ಉಂಟಲ್ಲ ಮಾಸ್ತರರೇ?"

"ಸರಿ ಉಂಟು."

"ಮತ್ತೆ ಎಂತ?"

"ನಾನು ಎಂತ ಹೇಳುವುದಿಲ್ಲ. ಇನ್ನೊಮ್ಮೆ ನೋಡಿ."

"ಹುಡುಗಿ, ಜಗಳ ಮಾಡು. ಈ ಸಲ ಬಿಡಬೇಡ!" ಎಂದು ಬಾಯಿ ಒಳಗಿನಿಂದ ಕೂಗಿದರು. ನಾನು ಜಗಳ ಮಾಡುವವಳೇ ಇದ್ದೆ. ಬಸ್ಸಿನಲ್ಲಿ ಕಾಪುವಿಗೆ ಬರುವಾಗ ಆ ಪುಟವನ್ನು ಮತ್ತೆ ಮತ್ತೆ ನೋಡಿದೆ. ಗೈಡುಗಳಿದ್ದರು, ಅಪ್ಪ ಇದ್ದರು, ಲೈಬ್ರರಿಯವರಿದ್ದರು, ಮಾಸ್ತರರಿದ್ದರು. ಬಿಸಿಲಿನಲ್ಲಿ ಕೊಡ ಇಳಿಸಿ ನಿಂತು ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ ಹೆಂಗಸರು? ಅವರು ಒಳಗೆ ಕೋಷ್ಟಕದಲ್ಲಿದ್ದರು. ಮಾಹಿತಿದಾರರು ಎಂಬ ಹೆಸರಿನಲ್ಲಿ, ಒಂದು, ಎರಡು, ಮೂರು ಎಂದು. ನನ್ನ ಅಜ್ಜಿ ಏಳನೆಯ ನಂಬರು.

ಮರುದಿನ ಬೆಳಿಗ್ಗೆ ಮನೆಮನೆಗೆ ಹೋದೆ. ನಿಮ್ಮ ಹೆಸರು ಹಾಕಬಹುದಾ ಎಂದು ಕೇಳಿದೆ. ಹಾಕು ಎಂದವರ ಹೆಸರಷ್ಟೇ ಬರೆದುಕೊಂಡೆ. ಗಿರಿಜಕ್ಕ ಎನ್ನುವವರು ಸೆರಗು ಬಾಯಿಗಿಟ್ಟುಕೊಂಡು ನಕ್ಕು, "ನನ್ನ ಹೆಸರಾ? ಪುಸ್ತಕದಲ್ಲಾ? ನಾನು ಹೇಳಿದ್ದು ನೀರಿನ ದಾರಿ ಅಲ್ವಾ ಮಾರಾಯ್ತಿ, ಅದು ಎಂತ ವಿದ್ಯೆಯಾ?" ಎಂದರು. ಅಜ್ಜಿ ಮಾತ್ರ ನಗಲಿಲ್ಲ. "ಹಾಕು. ನಡೆದವಳು ನಾನು" ಎಂದಳು.

ಹೊಸ ಪುಟ ತೆಗೆದುಕೊಂಡು ಹೋಗಿ ಕೊಟ್ಟೆ. ಮೊದಲು ಮಾಸ್ತರರ ಹೆಸರು ಇದ್ದಲ್ಲಿ ಈಗ ಅದಿರಲಿಲ್ಲ. ಅಲ್ಲಿಂದ ಪುಟದ ತುದಿಯವರೆಗೆ ಆ ಹೆಂಗಸರ ಹೆಸರುಗಳೇ. ಅವರು ಕನ್ನಡಕ ಏರಿಸಿ, ಒಂದೊಂದು ಹೆಸರಿನ ಕೆಳಗೂ ಬೆರಳಿಟ್ಟು, ತುಟಿಯಾಡಿಸಿ ಓದಿದರು. ಪೆನ್ಸಿಲು ಕಿವಿಯ ಮೇಲಿತ್ತು, ಕೈ ಅಲ್ಲಿಗೆ ಹೋಗಲಿಲ್ಲ. ಕೊನೆಯ ಹೆಸರಿಗೆ ಬಂದಾಗ ತಲೆಯೆತ್ತದೆ, "ಬಾಯೀ, ಅಂಟು ಬಿಸಿ ಮಾಡಿ. ಇದನ್ನು ನಾನೇ ಬೈಂಡ್ ಮಾಡುತ್ತೇನೆ" ಎಂದರು.

ಆ ಪ್ರತಿ ಈಗಲೂ ನನ್ನ ಕಪಾಟಿನಲ್ಲಿದೆ. ಬಾಯಿ ಫೋನಿಟ್ಟ ಮೇಲೆ ಅದನ್ನು ತೆಗೆದು ಸವರಿದೆ. ಮೈಲುತುತ್ತಿನ ದಯೆಯಿಂದ ಒಂದು ಹುಳವೂ ಹಿಡಿದಿಲ್ಲ. ಆಮೇಲೆ ಪತ್ರಿಕೆಯನ್ನು ಮೇಜಿನ ಮೇಲೆ ಹರವಿ, ಡ್ರಾಯರಿನಲ್ಲಿ ಪೆನ್ಸಿಲು ಹುಡುಕಿದೆ. ಅಚ್ಚಾದ ಅವರ ಹೆಸರಿನ ನೇರಕ್ಕೆ, ಬಲಗಡೆಯ ಬಿಳಿಯ ಜಾಗದಲ್ಲಿ, ಸಾಸಿವೆಯಷ್ಟು ಒಂದು ಚುಕ್ಕೆ ಇಟ್ಟೆ.